ಬರ ನೋಡೋಕೆ ವಿಮಾನ ಹತ್ತಬೇಕಾ?

ನಮ್ಮ ಬೀದಿಗೆ ನಲ್ಲಿ ನೀರು ಬರುವ ದಿನ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಅವತ್ತೂ ಹಾಗೇ. ಬೆಳಗ್ಗೆ ಐದೂವರೆ. ನೀರಿನ ಸಂಪಿನೊಳಗೆ ಪೈಪು ಬಿಟ್ಟು, ಮಗನ ಕೈಗೆ ಟಾರ್ಚ್ ಕೊಟ್ಟು ನಿಲ್ಲಿಸಿ, ಅಡುಗೆಮನೆಯ ಕೊಡಗಳನ್ನು ಸಾಲಾಗಿ ಇಡುತ್ತಿದ್ದೆ. ಆಗಲೇ ನ್ಯೂಜೆರ್ಸಿಯಿಂದ ಮೈದುನನ ಫೋನು. ಅವರಿಗೆ ಅದು ರಾತ್ರಿ ಎಂಟು ಗಂಟೆ, ಊಟ ಮುಗಿಸಿ ಹರಟೆಗೆ ಕೂರೋ ಹೊತ್ತು.

"ಅತ್ತಿಗೆ, ಏಪ್ರಿಲ್‌ನಲ್ಲಿ ನೀವೆಲ್ಲ ಬರ್ತೀರಲ್ಲ, ಒಂದು ವಾರ ಅರೂಬಾಗೆ ಹೋಗಿಬರೋಣ. ಕೆರಿಬಿಯನ್ ದ್ವೀಪ. ಅಲ್ಲಿ ಮಳೆನೇ ಬರಲ್ಲ!"

ಮಳೆನೇ ಬರಲ್ಲ ಅನ್ನೋದನ್ನ ಇಷ್ಟು ಖುಷಿಯಾಗಿ ಹೇಳಿದ ಮನುಷ್ಯನನ್ನು ನನ್ನ 44 ವರ್ಷದಲ್ಲಿ ನಾನು ಕಂಡಿರಲಿಲ್ಲ. ಅದೂ ಕೋಲಾರದಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ.

ಫೋನು ಸ್ಪೀಕರ್‌ನಲ್ಲಿತ್ತು. ಬಚ್ಚಲ ಹತ್ತಿರ ಬಿಂದಿಗೆ ತೊಳೆಯುತ್ತಿದ್ದ ನಮ್ಮತ್ತೆ ಅಲ್ಲಿಂದಲೇ ಕೂಗಿದರು: "ಬರ ನೋಡಕ್ಕೆ ಇಮಾನ ಹತ್ತಬೇಕೇನಪ್ಪಾ? ಚಿಂತಾಮಣಿ ಬಸ್ಸು ಹತ್ತಿದ್ರೆ ಸಾಕಾಗಲ್ವಾ?"

ಅಲ್ಲಿಗೆ ಅವತ್ತಿನ ಚರ್ಚೆ ಮುಗಿಯಿತು. ನೀರೂ ನಿಂತಿತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಯಾರಾದರೂ ಒಂದು ಊರಿನ ಹೆಸರು ಹೇಳಿದರೆ ಗ್ಲೋಬ್ ತಿರುಗಿಸದೆ ಇರಲಾಗದ ಚಾಳಿ. ಮಾರನೇ ದಿನ ಸ್ಟಾಫ್ ರೂಮಿನ ಗ್ಲೋಬ್ ಮೇಲೆ ಕೋಲಾರದಿಂದ ಬೆರಳು ಇಟ್ಟುಕೊಂಡು ಪಶ್ಚಿಮಕ್ಕೆ ಹೊರಟೆ. ಅರಬ್ಬಿ ಸಮುದ್ರ, ಆಫ್ರಿಕಾ, ಆಮೇಲೆ ಇಡೀ ಅಟ್ಲಾಂಟಿಕ್. ಬೆರಳು ಹೆಚ್ಚು ಕಡಿಮೆ ನೇರವಾಗಿ ಹೋಗಿ ಅರೂಬಾದ ಪಕ್ಕದಲ್ಲೇ ನಿಂತಿತು. ನಾವು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ, ಅದು ಹನ್ನೆರಡೂವರೆಯಲ್ಲಿ. ಕರಾರುವಾಕ್ಕಾಗಿ ಹೇಳಬೇಕೆಂದರೆ ಮಂಡ್ಯದ ಅಕ್ಷಾಂಶ. ಅಂದರೆ ಅಲ್ಲಿನ ಸೂರ್ಯ ನಮ್ಮ ಸೂರ್ಯನೇ, ನೆತ್ತಿಯ ಮೇಲೆ ನಿಲ್ಲುವುದೂ ನಮ್ಮ ಹಾಗೆಯೇ. ದಕ್ಷಿಣಕ್ಕೆ 30 ಕಿಲೋಮೀಟರ್ ಒಳಗೇ ವೆನೆಜುವೆಲಾ.

ದ್ವೀಪದ ಉದ್ದ ಸುಮಾರು 32 ಕಿಲೋಮೀಟರ್. ಕೋಲಾರದಿಂದ ಕೆಜಿಎಫ್‌ಗೆ ಹೋದಷ್ಟು. ವಿಸ್ತೀರ್ಣ 180 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯೊಳಗೆ ಅಂಥ ಇಪ್ಪತ್ತು ಅರೂಬಾ ಹಿಡಿಸುತ್ತವೆ. ಮಳೆ ವರ್ಷಕ್ಕೆ 500 ಮಿಲಿಮೀಟರ್‌ಗಿಂತ ಕಡಿಮೆ. ಬರದ ಜಿಲ್ಲೆ ಅಂತ ಬೈಸಿಕೊಳ್ಳುವ ನಮಗೇ 700ರ ಆಸುಪಾಸು ಬರುತ್ತದೆ. ಒಣಗುವುದರಲ್ಲಿ ನಮ್ಮನ್ನು ಮೀರಿಸಿದ ಊರೊಂದು ಸಮುದ್ರದ ನಡುವೆ ಕೂತಿದೆ ಅಂತ ಗೊತ್ತಾದಾಗ, ಯಾಕೋ, ಸ್ವಲ್ಪ ಸಮಾಧಾನವೇ ಆಯಿತು.

ಸುತ್ತ ನೀರಿದ್ದೂ ಮಳೆ ಯಾಕಿಲ್ಲ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೇ ಪ್ರಶ್ನೆ ಹಾಕಿದೆ. ಒಬ್ಬಳು, "ಬೆಟ್ಟ ಇಲ್ವಾ ಮಿಸ್?" ಅಂದಳು. ಉತ್ತರದಲ್ಲಿ ಅದೂ ಒಂದು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ವರ್ಷವಿಡೀ ಆ ದ್ವೀಪದ ಮೇಲೆ ಹಾದು ಹೋಗುತ್ತದೆ. ಆದರೆ ಮೋಡವನ್ನು ಅಡ್ಡಗಟ್ಟಿ ಮೇಲೆ ಎತ್ತುವ ಗೋಡೆ ಇಲ್ಲ. ಅಲ್ಲಿನ ಅತಿ ಎತ್ತರದ ಗುಡ್ಡ ಹಮನೋಟಾ ಬರೀ 188 ಮೀಟರ್. ನಮ್ಮ ಕಥೆ ತಿರುಗುಮುರುಗು, ಇಲ್ಲಿ ಗೋಡೆ ಇದೆ, ಆದರೆ ಅದು ಪಶ್ಚಿಮ ಘಟ್ಟ, ಮಳೆಯೆಲ್ಲ ಅದರ ಆಚೆ ಬದಿಗೆ ಸುರಿದು ಮುಗಿದಿರುತ್ತದೆ.

ಪಶ್ಚಿಮ ಘಟ್ಟ ಅಂದೆನಲ್ಲ, ನನ್ನ ಓರಗಿತ್ತಿ ಆ ಸೀಮೆಯವಳು. ತೀರ್ಥಹಳ್ಳಿ. ಅರೂಬಾ ಅವಳ ಗಂಡನ ಆಯ್ಕೆ, ಅವಳದ್ದಲ್ಲ. ಅವಳಿಗೆ ಪೋರ್ಟೊ ರಿಕೊಗೆ ಹೋಗಬೇಕು, ಅಲ್ಲಿ ಎಲ್ ಯುಂಕೆ ಅನ್ನೋ ಮಳೆಕಾಡು ಇದೆ, ಜಲಪಾತ ಇದೆ. "ಅಕ್ಕಾ, ರಜಾ ಅಂದ್ರೆ ಹಸಿರು ಬೇಡ್ವಾ? ಕಳ್ಳಿ ಗಿಡ ನೋಡೋಕೆ ಹೋಗೋದಾ?" ಅಂತ ನನಗೆ ಬೇರೆಯಾಗಿ ಫೋನ್ ಮಾಡಿದಳು. ಪೋರ್ಟೊ ರಿಕೊ ಅಮೆರಿಕದ್ದೇ ಪ್ರದೇಶ, ಪ್ರಯಾಣದ ತಾಪತ್ರಯವೂ ಕಡಿಮೆ. ನನ್ನ ಮಗಳೂ ಅವಳ ಪಾರ್ಟಿ ಸೇರಿದಳು. ಅವಳು ಸೆಕೆಂಡ್ ಪಿಯುಸಿ ಕಾಮರ್ಸ್, ಸಿಇಟಿ ಕಾಟವಿಲ್ಲ, ಆದ್ದರಿಂದ ಇಂಥದ್ದಕ್ಕೆಲ್ಲ ಧಾರಾಳ ಪುರುಸೊತ್ತು.

ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಪುದುಚೇರಿ ನೆನಪಾಯಿತು.

ಐದು ವರ್ಷದ ಕೆಳಗೆ ದೀಪಾವಳಿ ರಜೆಗೆ ತಿರುವಣ್ಣಾಮಲೈ ದಾರಿಯಲ್ಲಿ ಕಾರು ಮಾಡಿಕೊಂಡು ಪುದುಚೇರಿಗೆ ಹೋಗಿದ್ದೆವು. ಈಶಾನ್ಯ ಮಾರುತದ ಬಗ್ಗೆ ವರ್ಷಕ್ಕೆ ಎರಡು ಸಲ ಬೋರ್ಡಿನ ಮೇಲೆ ಬಾಣ ಬರೆದು ಪಾಠ ಮಾಡುವ ನಾನೇ ನವೆಂಬರಿನಲ್ಲಿ ಪೂರ್ವ ಕರಾವಳಿಗೆ ಹೊರಡಿಸಿದ್ದು! ಮೂರು ದಿನ, ಮೂರು ರಾತ್ರಿ, ಎಡೆಬಿಡದೆ ಮಳೆ. ಲಾಡ್ಜಿನ ಕಿಟಕಿಯಿಂದ ನೀರು ಒಳಗೆ ಬಂದು, ಒರೆಸುವ ಬಟ್ಟೆ ಸಾಲದೆ ನನ್ನ ಹಳೇ ವಾಯಿಲ್ ಸೀರೆಯನ್ನೇ ಕಿಟಕಿಗೆ ತುರುಕಿದ್ದೆ. ಗಂಡಸರು ಇಸ್ಪೀಟು ಆಡಿದರು. ನಾಲ್ಕನೇ ದಿನ ಹೊರಡುವ ಹೊತ್ತಿಗೆ ಬಿಸಿಲು ಬಂತು. ಒಂದೇ ಒಂದು ಗಂಟೆ ಅಂತ ಮರಳಿಗೆ ಇಳಿದೆವು. ಅಲೆಯೊಂದು ವಾಪಸು ಹೋಗುವಾಗ ನಾಲ್ಕು ವರ್ಷದ ಮಗನನ್ನು ಕಾಲು ಹಿಡಿದು ಎಳೆದ ಹಾಗೆ ಎಳೆಯಿತು. ಪಕ್ಕದಲ್ಲಿದ್ದ ಮೀನುಗಾರರೊಬ್ಬರು ಅವನ ಚಡ್ಡಿ ಹಿಡಿದು ಎತ್ತಿದರು, ಆಮೇಲೆ ನನಗೆ ತಮಿಳಿನಲ್ಲಿ ಸರಿಯಾಗಿ ಬೈದರು. ಬೈದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಹಾಗಾಗಿ ಈ ಸಲ ನಾನು ಹಸಿರು ಎಷ್ಟಿದೆ ಅಂತ ನೋಡಲಿಲ್ಲ. ನಮ್ಮಂಥವರು ಆ ಸಮುದ್ರಕ್ಕೆ ಇಳಿಯಬಹುದಾ ಅಂತ ನೋಡಿದೆ. ಯಾಕೆಂದರೆ ನಮ್ಮ ಮನೆಯಲ್ಲಿ ಈಜು ಬರುವುದು ಒಬ್ಬರಿಗೆ, ನನ್ನ ಯಜಮಾನರಿಗೆ. ಅವರು ಕಲಿತದ್ದು ಶ್ರೀನಿವಾಸಪುರದ ಹತ್ತಿರ ಅವರ ಅಜ್ಜಿ ಊರಿನ ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮಾವನ ಕೈಯಲ್ಲಿ. ಮೇಲಿಂದ ನೂಕುವುದು, ಮುಳುಗಿದರೆ ಎಳೆಯುವುದು, ಅಷ್ಟೇ ಪಾಠ. ಆ ಬಾವಿ ಈಗಲೂ ಇದೆ, ಮಾವಿನ ತೋಟದ ಮಧ್ಯೆ, ತಳದಲ್ಲಿ ಒಂದು ಹೊಂಗೆ ಗಿಡ ಬೆಳೆದು ಅದರ ನೆತ್ತಿ ಹೊರಗೆ ಕಾಣುತ್ತದೆ. ಅದರ ಪಕ್ಕದಲ್ಲೇ 1,400 ಅಡಿ ಕೊರೆಸಿದ ಬೋರ್‌ವೆಲ್. ಬೋರ್‌ವೆಲ್‌ನಲ್ಲಿ ಯಾರು ಈಜು ಕಲಿಯುತ್ತಾರೆ? ನಮ್ಮ ಕಡೆಯ ಒಂದು ತಲೆಮಾರು ಈಜು ಬಾರದೇ ಬೆಳೆದದ್ದು ಹೀಗೆ.

ಅರೂಬಾದ ಎರಡು ಮಗ್ಗುಲಿಗೆ ಎರಡು ಸ್ವಭಾವ. ಗಾಳಿ ಬರುವ ಉತ್ತರ ಮತ್ತು ಪೂರ್ವದ ಕಡೆ ಬರೀ ಬಂಡೆ, ಅಲೆಗಳ ಅಬ್ಬರ, ಈಜುವ ಮಾತೇ ಇಲ್ಲ. ಅಲೆಯೇ ಕೊರೆದು ಮಾಡಿದ್ದ ದೊಡ್ಡ ಕಲ್ಲಿನ ಸೇತುವೆಯೊಂದು ಆ ಕಡೆ ಇತ್ತು, 2005ರಲ್ಲಿ ಕುಸಿದು ಬಿತ್ತು. ಗಾಳಿಗೆ ಬೆನ್ನು ಮಾಡಿದ ಪಶ್ಚಿಮದ ಕಡೆ ಸಮುದ್ರ ಕೆರೆಯ ಹಾಗೆ. ಈಗಲ್ ಬೀಚು, ಪಾಮ್ ಬೀಚು ಎಲ್ಲ ಇರುವುದು ಅಲ್ಲೇ. ದಕ್ಷಿಣದ ತುದಿಯಲ್ಲಿ ಬೇಬಿ ಬೀಚ್ ಅಂತ ಒಂದಿದೆ, ಅಲೆಯನ್ನು ಹೊರಗೇ ತಡೆದ ಅರೆಚಂದ್ರಾಕಾರದ ಲಗೂನು, ಬಹುಪಾಲು ಕಡೆ ದೊಡ್ಡವರು ನಿಂತರೆ ತಲೆ ಮೇಲಿರುವಷ್ಟೇ ಆಳ. ಮೈದುನ ಕಳಿಸಿದ ವಿಡಿಯೋದಲ್ಲಿ ಒಂದು ಅಜ್ಜಿ ನೀರಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿತ್ತು. ನಮ್ಮತ್ತೆ ಅದನ್ನು ಎರಡು ಸಲ ನೋಡಿದರು. ಏನೂ ಅನ್ನಲಿಲ್ಲ.

ಚಂಡಮಾರುತದ ವಿಷಯದಲ್ಲೂ ಇದೇ ಲೆಕ್ಕ. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್ ತನಕ ಅದರ ಕಾಲ, ಆದರೆ ಅರೂಬಾ, ಅದರ ನೆರೆಯ ದ್ವೀಪಗಳಾದ ಬೊನೇರ್, ಕುರಸಾವ್ ಮೂರೂ ಅದರ ಮಾಮೂಲು ದಾರಿಯಿಂದ ಕೆಳಗೆ, ದಕ್ಷಿಣಕ್ಕೆ ಇವೆ. ಏಪ್ರಿಲ್‌ನಲ್ಲಂತೂ ಎಲ್ಲಿಯೂ ಆ ಭಯವಿಲ್ಲ. ಅಲ್ಲಿ ಮಳೆ ಅಂತ ಬರುವುದು ಅಕ್ಟೋಬರ್‌ನಿಂದ ಆಚೆಗೆ. ಅಮೆರಿಕದವರು ಚಳಿ ತಪ್ಪಿಸಿಕೊಳ್ಳಲು ಮುಗಿಬೀಳುವ ಕಾಲ ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ, ಅದು ದಾಟಿದರೆ ರೂಮಿನ ಬಾಡಿಗೆ ಇಳಿಯುತ್ತದೆ. ನಮ್ಮ ಬೇಸಿಗೆ ರಜೆಗೆ ಅದು ಸರಿಯಾಗಿ ಕೂರುತ್ತದೆ. ಮಾವಿನ ಫಸಲನ್ನು ಹೂವಿನಲ್ಲೇ ಗುತ್ತಿಗೆ ಕೊಟ್ಟಾಗಿದೆ, ಆಲಿಕಲ್ಲು ಬಿದ್ದರೆ ಯಜಮಾನರು ಅಲ್ಲಿಂದ ಮಾಡುವುದಾದರೂ ಏನು?

ಗಾಳಿಯದೇ ಒಂದು ಯೋಚನೆ. ಆ ಗಾಳಿಗೆ ಅಲ್ಲಿನ ದಿವಿ-ದಿವಿ ಮರಗಳು ಒಂದೇ ದಿಕ್ಕಿಗೆ, ನೈಋತ್ಯಕ್ಕೆ, ತಲೆಕೂದಲು ಹಾರಿದ ಹಾಗೆ ಬಗ್ಗಿ ಬೆಳೆಯುತ್ತವೆ. ದಾರಿ ತಪ್ಪಿದವರು ಮರ ನೋಡಿ ದಿಕ್ಕು ಹಿಡಿಯಬಹುದು. ಅಂದರೆ ಅಲ್ಲಿ ಹನ್ನೆರಡು ತಿಂಗಳೂ ಆಷಾಢ. ಆ ಗಾಳಿ ಇಲ್ಲದಿದ್ದರೆ 30 ಡಿಗ್ರಿಯ ಬಿಸಿಲನ್ನು ತಡೆಯಲಾಗುತ್ತಿರಲಿಲ್ಲ ಅನ್ನುವುದು ನಿಜ. ಆದರೆ ಗಾಳಿ ತಂಪಾಗಿದೆ ಅಂತ ಕೂತವರಿಗೆ ಚರ್ಮ ಸುಟ್ಟದ್ದು ಸಂಜೆಗೇ ಗೊತ್ತಾಗುವುದು. ಅತ್ತೆಗೆ ಕಿವಿಗೆ ಗಾಳಿ ಹೊಕ್ಕರೆ ತಲೆನೋವು. ಮಫ್ಲರು ಕಟ್ಟಿಕೊಂಡು ಕೆರಿಬಿಯನ್ ಸಮುದ್ರದಲ್ಲಿ ಕೂತ ಮೊದಲ ಮುದುಕಿ ನಮ್ಮವರೇ ಆಗಬಹುದು.

ಈ ನಡುವೆ ನನಗೆ ಒಂದು ವಿಷಯ ಸಿಕ್ಕಿತು. ನಿಜ ಹೇಳಬೇಕೆಂದರೆ, ನಾನು ಪೋರ್ಟೊ ರಿಕೊ ಕಡೆಯಿಂದ ಪೂರ್ತಿ ಈ ಕಡೆಗೆ ವಾಲಿದ್ದು ಅಲ್ಲೇ, ಬೀಚು ನೋಡಿ ಅಲ್ಲ.

ನನ್ನ ತಾಯಿಯ ತಂದೆ ಕೆಜಿಎಫ್‌ನಲ್ಲಿ ಗಣಿ ಕೆಲಸ ಮಾಡಿದವರು. ಚಾಂಪಿಯನ್ ರೀಫ್. ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿದ ಗಣಿ ಅದು. ಚಿಕ್ಕಂದಿನಲ್ಲಿ ರಜೆಗೆ ಹೋದರೆ ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲೇ ನಮ್ಮ ಆಟ, ಗಾಳಿ ಬಂದರೆ ತಾತನ ಮನೆಯ ಅನ್ನದ ತಟ್ಟೆಯಲ್ಲೂ ಆ ಬಿಳಿ ಧೂಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಆ ಊರಿನ ಗಂಡಸರು, ಹೆಂಗಸರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ವಾಪಸು ಬರುವುದನ್ನು ಕಲಿತರು.

ಅರೂಬಾದಲ್ಲೂ ಚಿನ್ನ ಇತ್ತು! 1500ರ ಆಸುಪಾಸಿನಲ್ಲಿ ಬಂದ ಸ್ಪೇನಿನವರು ಈ ದ್ವೀಪಗಳಲ್ಲಿ ಚಿನ್ನ ಕಾಣದೆ 'ಪ್ರಯೋಜನಕ್ಕೆ ಬಾರದ ದ್ವೀಪಗಳು' ಅಂತ ಹೆಸರಿಟ್ಟು ಹೋದರು. 1636ರಲ್ಲಿ ಡಚ್ಚರು ಹಿಡಿದರು. 1824ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಕುರಿ ಕಾಯುವ ಹುಡುಗನೊಬ್ಬನ ಕಣ್ಣಿಗೆ ಮೊದಲು ಬಿತ್ತು ಅನ್ನುತ್ತಾರೆ. 1872ರಲ್ಲಿ ಬುಶಿರಿಬಾನಾ ಅನ್ನುವ ಕಡೆ ಅದಿರು ಅರೆಯುವ ಗಿರಣಿ ಕಟ್ಟಿದರು, 1899ರಲ್ಲಿ ಬಾಲಾಶಿಯಲ್ಲಿ ಇನ್ನೊಂದು. ಸರಿಸುಮಾರು ಅದೇ ಕಾಲಕ್ಕೆ, 1880ರಲ್ಲಿ, ಜಾನ್ ಟೇಲರ್ ಕಂಪನಿ ನಮ್ಮ ಕೋಲಾರದ ಚಿನ್ನಕ್ಕೆ ಕೈ ಹಾಕಿದ್ದು. ಅರೂಬಾದ ಗಣಿ ಮೊದಲ ಮಹಾಯುದ್ಧದ ಹೊತ್ತಿಗೆ ನಿಂತಿತು. ಆಮೇಲೆ ಸಾನ್ ನಿಕೋಲಾಸ್‌ನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ಬಂತು, ಇಡೀ ದ್ವೀಪ ಅದನ್ನೇ ನಂಬಿ ಬದುಕಿತು. 1985ರಲ್ಲಿ ಅದೂ ಬಾಗಿಲು ಹಾಕಿತು. 1986ರ ಜನವರಿ 1ಕ್ಕೆ ಡಚ್ ರಾಜಮನೆತನದ ಅಡಿಯಲ್ಲೇ ಪ್ರತ್ಯೇಕ ದೇಶ ಅನ್ನಿಸಿಕೊಂಡಾಗ ಅವರ ಕೈಯಲ್ಲಿ ದೊಡ್ಡ ಕೆಲಸ ಅಂತ ಉಳಿದಿರಲಿಲ್ಲ. ಬಿಸಿಲು, ಗಾಳಿ, ಮರಳು ಇತ್ತು. ಅದನ್ನೇ ಮಾರಲು ನಿಂತರು. ಮಳೆ ಬರಲ್ಲ ಅನ್ನುವುದನ್ನು ಗ್ಯಾರಂಟಿ ಕಾರ್ಡಿನ ಹಾಗೆ ತೋರಿಸಿ ಇನ್ನಷ್ಟು ಹೋಟೆಲು ಕಟ್ಟಿದರು.

ಗಣಿ ಮುಚ್ಚಿದ ಇನ್ನೊಂದು ಊರು ಮುಂದೆ ಏನು ಮಾಡಿತು ಅಂತ ನೋಡಬೇಕು ಅನ್ನುವ ಆಸೆ ನನಗೆ ಅಂಟಿಕೊಂಡಿತು. ಇದು ರಜೆಗೆ ಹೋಗಲು ಕಾರಣ ಅಲ್ಲ ಅಂತ ಮಗಳು ವಾದಿಸಿದಳು. ಇರಬಹುದು. ಟಿಕೆಟ್ಟಿಗೆ ದುಡ್ಡು ಹಾಕುವವರಲ್ಲಿ ನಾನೂ ಒಬ್ಬಳು.

ಹುಡುಕುತ್ತಾ ಹೋದ ಹಾಗೆ ಅತ್ತೆಯ ಮಾತೂ ನಿಜವಾಗುತ್ತಾ ಬಂತು. ಕಸಿಬಾರಿ, ಆಯೋ ಅಂತ ಅಲ್ಲಿ ಎರಡು ಬಂಡೆಗುಡ್ಡಗಳಿವೆ, ಬಯಲಿನ ಮಧ್ಯೆ ಯಾರೋ ತಂದು ಸುರಿದ ಹಾಗೆ ಗುಂಡುಕಲ್ಲುಗಳು, ಜನ ಸಾಲುಗಟ್ಟಿ ನೋಡುತ್ತಾರೆ. ಫೋಟೋ ಕೆಳಗಿನ ಹೆಸರು ಮುಚ್ಚಿದರೆ ಅದು ನಮ್ಮ ಕೋಲಾರದ ಅಂತರಗಂಗೆ ಬೆಟ್ಟವೇ. ಗುಹೆಯೂ ಇದೆ, ಅದರೊಳಗೆ ಅಲ್ಲಿನ ಮೂಲನಿವಾಸಿಗಳು ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಆದರೆ ವರ್ಷವಿಡೀ ನೀರು ಸುರಿಸುವ ಬಸವನ ಬಾಯಿ ಅವರಿಗೆಲ್ಲಿ ಬರಬೇಕು! ಗಿಡಮರ, ಪ್ರಾಣಿಗಳ ಪಟ್ಟಿ ನೋಡಿದರೆ ಪಾಪಾಸುಕಳ್ಳಿ, ಲೋಳೆಸರ, ಮೇಕೆ. ಅವರು ಕ್ವಿಹಿ ಅನ್ನುವ ಮರ ಇದೆ, ಯಾವುದಪ್ಪಾ ಇದು ಅಂತ ಸಸ್ಯಶಾಸ್ತ್ರದ ಹೆಸರು ನೋಡಿದೆ: ಪ್ರೊಸೋಪಿಸ್ ಜೂಲಿಫ್ಲೋರಾ. ಬಳ್ಳಾರಿ ಜಾಲಿ! ನಮ್ಮ ಕೆರೆಯಂಗಳಗಳನ್ನೆಲ್ಲ ನುಂಗಿ ಕೂತ ಬಳ್ಳಾರಿ ಜಾಲಿಯ ತವರು ಆ ಸೀಮೆ. ಇದನ್ನು ಹೇಳಿದಾಗ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜೆಸಿಬಿ ಕರೆಸಿ ಕೀಳಿಸೋಕೆ ಇಲ್ಲಿ ದುಡ್ಡು, ಅಲ್ಲಿ ಹೋಗಿ ನೋಡೋಕೂ ದುಡ್ಡು."

ಊಟದ್ದು ಸಲೀಸು. ತರಕಾರಿಯಿಂದ ಹಿಡಿದು ಎಲ್ಲವೂ ಹಡಗಿನಲ್ಲಿ ಬರಬೇಕಾದ ಊರು, ಹೋಟೆಲಿನಲ್ಲೇ ಮೂರು ಹೊತ್ತು ತಿಂದರೆ ಬಿಲ್ಲು ನೋಡಿ ಜೀರ್ಣವಾಗುವುದಿಲ್ಲ. ಎಲ್ಲ ಸೇರಿಸಿ ಕೊಡುವ ದೊಡ್ಡ ರೆಸಾರ್ಟು ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆ ಸಾಕು ಅಂತ ನಾನು, ಓರಗಿತ್ತಿ ಇಬ್ಬರೂ ಒಂದೇ ಮಾತಿಗೆ ಒಪ್ಪಿದ ಏಕೈಕ ಅಂಶ ಇದು. ಅಲ್ಲಿನವರ ಮನೆಯಡುಗೆಯಲ್ಲಿ ಫುಂಚಿ ಅಂತ ಒಂದಿದೆ. ಜೋಳದ ಹಿಟ್ಟನ್ನು, ಅಂದರೆ ಮೆಕ್ಕೆಜೋಳದ್ದು, ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿ ಗಟ್ಟಿ ಮಾಡಿ, ಮೇಕೆ ಮಾಂಸದ ಗೊಜ್ಜಿನ ಜೊತೆಗೆ ತಿನ್ನುತ್ತಾರೆ. ವಿಡಿಯೋ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಗಂಟು ಬಿದ್ದೈತೆ. ತಿರುವಕ್ಕೆ ಬರಲ್ಲ ಅವಮ್ಮನಿಗೆ" ಅಂದರು. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಅರೂಬಾಗೆ ಬೇರೆ ವೀಸಾ ಬೇಕಿಲ್ಲ, ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಇಡಿ ಕಾರ್ಡ್ ಅಂತ, ಬಂದು ಹೋಗುವವರ ಅರ್ಜಿ, ತುಂಬಬೇಕು. ಮೈದುನನ ಗೃಹಪ್ರವೇಶಕ್ಕೆ ಅಂತ ನಾವು ಮಾಡಿಸಿದ ವೀಸಾ ಹಲವು ಸಲ ಹೋಗಿ ಬರುವಂಥದ್ದು, ಅದಿಲ್ಲದಿದ್ದರೆ ಅರೂಬಾಗೆ ಹೋದವರು ವಾಪಸು ನ್ಯೂಜೆರ್ಸಿಗೆ ಬರುವುದು ಕಷ್ಟ. ವಾಪಸಾಗುವಾಗ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅರೂಬಾದ ವಿಮಾನ ನಿಲ್ದಾಣದಲ್ಲೇ ಆಗಿಬಿಡುತ್ತದೆ, ಆದ್ದರಿಂದ ಮೂರು ಗಂಟೆ ಮೊದಲೇ ಹೋಗಿ ಕೂರಬೇಕು. ನೆವಾರ್ಕ್‌ನಿಂದ ನೇರ ವಿಮಾನ, ಐದು ಗಂಟೆಯ ಆಸುಪಾಸು. ಅಲ್ಲಿನ ದುಡ್ಡು ಫ್ಲೋರಿನ್, ಒಂದು ಡಾಲರಿಗೆ 1.79, ಡಾಲರೂ ನಡೆಯುತ್ತದೆ. ಬೆಂಗಳೂರಿನಿಂದ ಅದೊಂದಕ್ಕೇ ಹೊರಡುವವರಾದರೆ, ನನ್ನ ಮಾತು ಕೇಳುವುದಾದರೆ, ಬೇಡ. ಎರಡು ಹತ್ತು ಗಂಟೆಯ ವಿಮಾನ ಹತ್ತಿ ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋಗಿ ನೋಡುವಷ್ಟು ದೊಡ್ಡ ಊರಲ್ಲ ಅದು. ಹೇಗೂ ಆ ಕಡೆ ಹೋಗಿರುವ ನಮ್ಮಂಥವರಿಗೆ ಸರಿ.

ಕೊನೆಗೆ ಅತ್ತೆ ಒಪ್ಪಿದ್ದು ನೀರಿನ ಮೇಲೆ.

ಮತ್ತೆ ನಲ್ಲಿ ನೀರು ಬಂದ ದಿನ, ಕೊಡ ತುಂಬುವುದನ್ನೇ ನೋಡುತ್ತಾ ಕೇಳಿದರು: "ಮಳೆ ಇಲ್ಲ ಅಂತೀಯ, ನದಿ ಇಲ್ಲ ಅಂತೀಯ, ಆ ಜನ ಕುಡಿಯಕ್ಕೆ ಏನ್ ಮಾಡ್ತಾರೆ?"

ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ ಅಂದೆ. 1932ರಿಂದಲೂ ಹಾಗೇ. ಈಗ ಆ ಘಟಕ ಇರುವುದು ಬಾಲಾಶಿಯಲ್ಲಿ, ಚಿನ್ನದ ಗಿರಣಿಯ ಪಾಳು ಗೋಡೆಗಳಿರುವ ಅದೇ ಬಾಲಾಶಿ. ಚಿನ್ನ ತೆಗೆದ ಜಾಗದಲ್ಲಿ ಈಗ ನೀರು ತೆಗೆಯುತ್ತಾರೆ. ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯಬಹುದು, ಊರಿನವರು ತಮಾಷೆಗೆ ಅದನ್ನು 'ಬಾಲಾಶಿ ಕಾಕ್‌ಟೇಲ್' ಅನ್ನುತ್ತಾರೆ. ನಮ್ಮ ಕೆರೆಗಳಿಗೆ 2018ರಿಂದ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ಬರುತ್ತಿದೆಯಲ್ಲ, ಕುಡಿಯಲು ಮಾತ್ರ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಕಾಯಿನ್ ಹಾಕುತ್ತೇವಲ್ಲ, ಅದನ್ನು ಪಕ್ಕಕ್ಕಿಟ್ಟು ನೋಡಿದರೆ ಮನಸ್ಸಿಗೆ ಒಂಥರಾ ಆಗುತ್ತದೆ.

"ಉಪ್ಪಿರಲ್ವಾ?"

"ಇಲ್ಲ."

"ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ?"

"ದಿನಾ. ಯಾವಾಗ ತಿರುಗಿಸಿದ್ರೂ ಬರುತ್ತೆ."

ಅತ್ತೆ ಕೊಡವನ್ನು ನಲ್ಲಿಯಿಂದ ಸರಿಸಿ ಇನ್ನೊಂದನ್ನು ಇಟ್ಟರು. ಒಂದು ಹನಿ ಕೆಳಗೆ ಬೀಳಲಿಲ್ಲ, ಐವತ್ತು ವರ್ಷದ ಅಭ್ಯಾಸ. "ಆಯ್ತು, ಆ ನಲ್ಲಿ ನೋಡಿಕೊಂಡು ಬರಾನ" ಅಂದರು.

ಓರಗಿತ್ತಿಗೆ ಫೋನ್ ಮಾಡಿ ವಿಷಯ ಹೇಳಿದೆ. ಎರಡು ದಿನ ಮುನಿಸಿಕೊಂಡಿದ್ದಳು. ಮುಂದಿನ ವರ್ಷ ಅವರೆಲ್ಲ ಊರಿಗೆ ಬಂದಾಗ ಜುಲೈನಲ್ಲಿ ಎಲ್ಲರೂ ಆಗುಂಬೆಗೆ ಹೋಗಿ ಒಂದು ವಾರ ಇರಬೇಕು, ಯಾರೂ ಮಳೆ ಅಂತ ಗೊಣಗಬಾರದು ಅಂತ ಷರತ್ತು ಹಾಕಿ ಒಪ್ಪಿದಳು. ಏಪ್ರಿಲ್ ಕೊನೆಯ ವಾರ, ಐದು ರಾತ್ರಿ. ಮನೆ ಬುಕ್ ಆಗಿದೆ.

ಮಗನಿಗೆ ಈಗ ಒಂಬತ್ತು. ಬೇಬಿ ಬೀಚಿನಲ್ಲಿ ಮುಖ ಮುಳುಗಿಸಿ ಮೀನು ನೋಡಬೇಕಂತೆ. ದಿನಾ ಸಂಜೆ ಬಚ್ಚಲಲ್ಲಿ ಬಕೆಟ್ ತುಂಬಿಸಿ, ಅಪ್ಪ ಪಕ್ಕದಲ್ಲಿ ಎಣಿಸುತ್ತಾ ನಿಂತರೆ, ಇವನು ಮೂಗು ಹಿಡಿದುಕೊಂಡು ತಲೆ ಒಳಗೆ ತೂರಿಸುತ್ತಾನೆ. ನಿನ್ನೆ 19 ಸೆಕೆಂಡಿಗೆ ಬಂತು. ಕೆಮ್ಮುತ್ತಾ ತಲೆ ಎತ್ತಿದ ತಕ್ಷಣ ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ಚೆಲ್ಲಬೇಡ್ವೋ ಅದನ್ನ. ಕರಿಬೇವಿನ ಗಿಡಕ್ಕೆ ಹಾಕು."